ಬರ್ಲಿನ್ನಿನ ‘ಮಿಟ್ಟೆ’: ಅಂಚಾಗಿದ್ದ ನಡುವೂರು

ಬರ್ಲಿನ್ನಿನಲ್ಲಿ ಕೆಲಸವೋ ಓದಲು ಸೀಟೋ ಸಿಕ್ಕವರಿಗೆ ಮೊದಲು ಎದುರಾಗುವ ಜರ್ಮನ್ ಪದಗಳಲ್ಲಿ ‘ಮಿಟ್ಟೆ’ ಒಂದು. ಆಫರ್ ಲೆಟರಿನಲ್ಲಿ ಆಫೀಸಿನ ವಿಳಾಸ ಬರ್ಲಿನ್-ಮಿಟ್ಟೆ ಎಂದಿರುತ್ತದೆ. ಬಾಡಿಗೆ ಮನೆ ಹುಡುಕಿದರೆ ಅಲ್ಲೂ ಮಿಟ್ಟೆ. ಪದದ ಅರ್ಥ ಸರಳ: ನಡು. ಆಫೀಸೂ ನಡುವೂರಿನಲ್ಲಿ, ಮನೆಯೂ ನಡುವೂರಿನಲ್ಲಿ, ನಡೆದೇ ಹೋಗಬಹುದು ಎಂದುಕೊಂಡು ಮನೆ ಹಿಡಿದವರಿಗೆ ಆಮೇಲೆ ತಿಳಿಯುತ್ತದೆ, ಎರಡರ ನಡುವೆ ಆರೇಳು ಕಿಲೋಮೀಟರ್ ಇದೆ ಎಂದು. ಅದಕ್ಕೆ ಮನೆ ಮಾಲೀಕರೂ ಕಾರಣವಲ್ಲ, ನಕ್ಷೆಯೂ ಕಾರಣವಲ್ಲ. ‘ಮಿಟ್ಟೆ’ ಎನ್ನುವ ಹೆಸರಿಗೇ ಎರಡು ಅಳತೆಗಳಿವೆ.

ಈ ಜಾಗದ ರೈಲು, ಟ್ರಾಮ್, ಮನೆ ನಂಬರು, ಬಾಡಿಗೆ, ಖಾಲಿ ಬಯಲು ಎಲ್ಲದರ ಹಿಂದೆಯೂ ಒಂದೇ ಸಂಗತಿ ಇದೆ: 28 ವರ್ಷ ಕಾಲ ಈ ನಡುವೂರು ಊರಿನ ಅಂಚಾಗಿತ್ತು. ಬರ್ಲಿನ್ ಗೋಡೆಯ ಹಳೆಯ ಗೆರೆ ಎಲ್ಲಿ ಹಾದುಹೋಗಿತ್ತು ಎಂಬುದನ್ನು ತಿಳಿದುಕೊಂಡರೆ ಮಿಟ್ಟೆಯ ಮುಕ್ಕಾಲು ಪಾಲು ಒಗಟುಗಳು ಬಿಡಿಸಿಕೊಳ್ಳುತ್ತವೆ.

ಒಂದು ಹೆಸರು, ಎರಡು ಅಳತೆ

ಬರ್ಲಿನ್ ಒಂದು ನಗರವೂ ಹೌದು, ಜರ್ಮನಿಯ 16 ರಾಜ್ಯಗಳಲ್ಲಿ ಒಂದು ರಾಜ್ಯವೂ ಹೌದು. ಆ ರಾಜ್ಯ-ನಗರವನ್ನು 12 ‘ಬೆತ್ಸಿರ್ಕ್’ಗಳಾಗಿ ಹಂಚಿದ್ದಾರೆ. ಬೆತ್ಸಿರ್ಕ್ ಎಂದರೆ ನಮ್ಮ ಮಹಾನಗರ ಪಾಲಿಕೆಯ ವಲಯದಂಥದ್ದು, ಆದರೆ ಅದಕ್ಕಿಂತ ಗಟ್ಟಿ. ಪ್ರತಿ ಬೆತ್ಸಿರ್ಕಿಗೂ ಜನ ಆರಿಸಿದ 55 ಸದಸ್ಯರ ಸಭೆ ಇದೆ, ಅದಕ್ಕೊಬ್ಬ ಮೇಯರ್ ಇದ್ದಾರೆ, ಇಲಾಖೆ ನೋಡಿಕೊಳ್ಳುವ ಸದಸ್ಯರಿದ್ದಾರೆ. ಪಾರ್ಕು, ಕಟ್ಟಡ ಪರವಾನಗಿ, ಶಾಲಾ ಕಟ್ಟಡ, ವಾಸಸ್ಥಳ ನೋಂದಣಿಯ ಕಚೇರಿ ಇವೆಲ್ಲ ಅದರ ಕೈಯಲ್ಲಿ. ಸ್ವಂತವಾಗಿ ತೆರಿಗೆ ಹಾಕುವ ಅಧಿಕಾರ ಮಾತ್ರ ಇಲ್ಲ. ಹಣ ಬರಬೇಕಾದದ್ದು ರಾಜ್ಯ ಸರ್ಕಾರದಿಂದ.

ಬೆತ್ಸಿರ್ಕಿನ ಒಳಗೆ ಬಡಾವಣೆಗಳಿವೆ. ಅವುಗಳ ಹೆಸರು ‘ಓರ್ಟ್ಸ್‌ಟೈಲ್’. ಗೊಂದಲ ಹುಟ್ಟುವುದು ಇಲ್ಲೇ. ಮಿಟ್ಟೆ ಎಂಬ ಬೆತ್ಸಿರ್ಕಿನಲ್ಲಿ ಆರು ಬಡಾವಣೆಗಳು: ಮಿಟ್ಟೆ, ಟಿಯರ್‌ಗಾರ್ಟನ್, ಮೋವಬಿಟ್, ಹಾನ್ಸಾಫಿಯರ್ಟೆಲ್, ವೆಡ್ಡಿಂಗ್, ಗೆಸುಂಡ್‌ಬ್ರುನ್ನನ್. ಅಂದರೆ ಮಿಟ್ಟೆಯೊಳಗೊಂದು ಮಿಟ್ಟೆ. ದೊಡ್ಡ ಮಿಟ್ಟೆಯ ವಿಸ್ತೀರ್ಣ ಸುಮಾರು 39 ಚದರ ಕಿ.ಮೀ., ಜನಸಂಖ್ಯೆ ನಾಲ್ಕು ಲಕ್ಷದ ಹತ್ತಿರ. ಚಿಕ್ಕ ಮಿಟ್ಟೆ ಅದರ ಕಾಲು ಭಾಗದಷ್ಟು, ಜನ ಸುಮಾರು ಒಂದು ಲಕ್ಷ.

ಬಾಡಿಗೆ ಜಾಹೀರಾತಿನಲ್ಲಿ ‘ಮಿಟ್ಟೆ’ ಎಂದಿದ್ದರೆ ಯಾವ ಮಿಟ್ಟೆ ಎಂದು ತಿಳಿಯಲು ಅಂಚೆ ಸಂಖ್ಯೆ ನೋಡುವುದೇ ಸುಲಭದ ದಾರಿ. 10115, 10117, 10119, 10178, 10179 ಇದ್ದರೆ ಬಹುಮಟ್ಟಿಗೆ ಹಳೆಯ ಚಿಕ್ಕ ಮಿಟ್ಟೆ. 105ರಿಂದ ಶುರುವಾದರೆ ಮೋವಬಿಟ್ ಕಡೆ. 133ರಿಂದ ಶುರುವಾದರೆ ಉತ್ತರದ ವೆಡ್ಡಿಂಗ್, ಗೆಸುಂಡ್‌ಬ್ರುನ್ನನ್. ಇವು ಕಾರ್ಖಾನೆ ಕೆಲಸಗಾರರ ಪೇಟೆಗಳಾಗಿ ಬೆಳೆದಂಥವು. ಇವತ್ತಿಗೂ ಜನದಟ್ಟಣೆ ಹೆಚ್ಚು, ಹಲವು ದೇಶಗಳಿಂದ ಬಂದು ನೆಲೆಸಿದವರು ಹೆಚ್ಚು. ವಾಸಕ್ಕೆ ಕೆಟ್ಟವೇನಲ್ಲ. ಊರಿನ ಗುರುತೇ ಆದ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು ಕಿಟಕಿಯಿಂದ ಕಾಣುತ್ತದೆ ಎಂದು ಮಾತ್ರ ನಿರೀಕ್ಷಿಸಬಾರದು.

ಮೊದಲು ಎರಡು ಊರು

ಸ್ಪ್ರೇ ನದಿ ಇಲ್ಲಿ ಕವಲೊಡೆದು ಒಂದು ದ್ವೀಪವನ್ನು ಬಳಸಿಕೊಂಡು ಹರಿಯುತ್ತದೆ. ದ್ವೀಪದಲ್ಲಿ ಕ್ಯೋಲ್ನ್ ಎಂಬ ಊರು, ಪೂರ್ವ ದಡದಲ್ಲಿ ಬರ್ಲಿನ್ ಎಂಬ ಊರು. ಕಾಗದದಲ್ಲಿ ಮೊದಲು ಕಾಣಿಸಿಕೊಂಡದ್ದು ಕ್ಯೋಲ್ನ್, 1237ರಲ್ಲಿ, ಬರ್ಲಿನ್ 1244ರಲ್ಲಿ. ಊರಿನ ಹುಟ್ಟಿದ ವರ್ಷವೆಂದು ಆಚರಿಸುವುದು ಮೊದಲನೆಯದನ್ನೇ. ಬರ್ಲಿನ್ ರಾಜಧಾನಿಯಾಗಿದ್ದ ಪ್ರಶ್ಯ ರಾಜ್ಯದ ದೊರೆ 1709ರಲ್ಲಿ ಹೊರಡಿಸಿದ ಆಜ್ಞೆಯಂತೆ ಇವೆರಡೂ ಅಕ್ಕಪಕ್ಕದ ಮೂರು ಹೊಸ ಪಟ್ಟಣಗಳೂ ಸೇರಿ ಒಂದೇ ಬರ್ಲಿನ್ ಆದವು. ಇವತ್ತಿನ ಚಿಕ್ಕ ಮಿಟ್ಟೆ ಬಹುಪಾಲು ಆ ಐದು ಊರುಗಳ ನೆಲ.

ಇನ್ನೊಂದು ಮುಖ್ಯ ವರ್ಷ 1920. ಆ ವರ್ಷ ಸುತ್ತಲಿನ ಏಳು ಪಟ್ಟಣ, 59 ಹಳ್ಳಿ, 27 ಜಮೀನ್ದಾರಿ ಎಸ್ಟೇಟುಗಳನ್ನು ಸೇರಿಸಿ ಗ್ರೇಟರ್ ಬರ್ಲಿನ್ ಕಟ್ಟಿದರು. ನಗರದ ವಿಸ್ತೀರ್ಣ ಒಂದೇ ಏಟಿಗೆ 66ರಿಂದ 878 ಚದರ ಕಿ.ಮೀ.ಗೆ ಹಿಗ್ಗಿತು. ಅದನ್ನು 20 ಬೆತ್ಸಿರ್ಕ್ ಮಾಡಿದಾಗ ಒಂದನೇ ನಂಬರಿನದಕ್ಕೆ ‘ಮಿಟ್ಟೆ’ ಎಂದು ಹೆಸರಿಟ್ಟರು. ಸೇರಿದ ಹಲವು ಊರುಗಳಿಗೆ ತಮ್ಮದೇ ‘ಬರ್ಲಿನ್ ರಸ್ತೆ’, ತಮ್ಮದೇ ‘ಮುಖ್ಯರಸ್ತೆ’ ಇತ್ತು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಬರ್ಲಿನ್ನಿನಲ್ಲಿ ರಸ್ತೆಯ ಹೆಸರಷ್ಟೇ ಹೇಳಿದರೆ ಟ್ಯಾಕ್ಸಿಯವರು ಅಂಚೆ ಸಂಖ್ಯೆ ಕೇಳುವುದು ಇದಕ್ಕೇ.

ನಡು ಅಂಚಾದದ್ದು

ಎರಡನೇ ಮಹಾಯುದ್ಧ ಮುಗಿದ ಮೇಲೆ ಗೆದ್ದ ನಾಲ್ಕು ದೇಶಗಳು ಬರ್ಲಿನ್ನನ್ನು ಬೆತ್ಸಿರ್ಕುಗಳ ಲೆಕ್ಕದಲ್ಲೇ ಹಂಚಿಕೊಂಡವು. ಮಿಟ್ಟೆ ಸೋವಿಯತ್ ಒಕ್ಕೂಟದ ಪಾಲಿಗೆ, ಟಿಯರ್‌ಗಾರ್ಟನ್ ಬ್ರಿಟಿಷರಿಗೆ, ವೆಡ್ಡಿಂಗ್ ಫ್ರೆಂಚರಿಗೆ ಬಂತು. ಇವತ್ತಿನ ದೊಡ್ಡ ಮಿಟ್ಟೆ ಹುಟ್ಟಿದ್ದು ಈ ಮೂರನ್ನೂ 2001ರ ಜನವರಿ 1ರಂದು ಕೂಡಿಸಿದಾಗ. ಒಂದೇ ಬೆತ್ಸಿರ್ಕಿನೊಳಗೆ ಮೂರು ಸೇನೆಗಳ ವಲಯ ಇದ್ದ ಜಾಗ ಇದು.

ಸೋವಿಯತ್ ಪಾಲು ಪೂರ್ವ ಬರ್ಲಿನ್ ಆಯಿತು, ಉಳಿದ ಮೂರು ಪಾಲು ಸೇರಿ ಪಶ್ಚಿಮ ಬರ್ಲಿನ್. ನಕ್ಷೆಯಲ್ಲಿ ನೋಡಿದರೆ ಹಳೆಯ ಮಿಟ್ಟೆ ಪಶ್ಚಿಮ ಬರ್ಲಿನ್ನಿನೊಳಕ್ಕೆ ಮೂಗಿನಂತೆ ಚಾಚಿಕೊಂಡಿತ್ತು. ಉತ್ತರಕ್ಕೆ ವೆಡ್ಡಿಂಗ್, ಪಶ್ಚಿಮಕ್ಕೆ ಟಿಯರ್‌ಗಾರ್ಟನ್, ದಕ್ಷಿಣಕ್ಕೆ ಕ್ರಾಯ್ಟ್ಸ್‌ಬೆರ್ಗ್. ಮೂರು ಕಡೆಯೂ ‘ಆಚೆಯವರು’. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿ ಗಡಿ ಮುಚ್ಚಿದಾಗ ಊರಿನ ಹೃದಯಭಾಗದ ಮೂರು ಬದಿಗೂ ಗೋಡೆ ಎದ್ದಿತು. ರಾಜಬೀದಿ ಉಂಟರ್ ಡೆನ್ ಲಿಂಡನ್ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲಿನ ಬಳಿ ಹೋಗಿ ಗೋಡೆಗೆ ಮುಟ್ಟಿ ನಿಂತಿತು. ಸಂಸತ್ ಭವನ ರೈಷ್‌ಟಾಗ್ ಹೆಬ್ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ, ಆದರೆ ಅದು ಬ್ರಿಟಿಷ್ ವಲಯದ ಟಿಯರ್‌ಗಾರ್ಟನ್‌ಗೆ ಸೇರಿದ್ದು. ಅದರ ಬೆನ್ನಿಗೇ ಗೋಡೆ ಹಾದುಹೋಗಿತ್ತು.

ಈ ಹಂಚಿಕೆ ಎಷ್ಟು ಕ್ರೂರವಾಗಿತ್ತು ಎಂದು ಒಂದೇ ರಸ್ತೆಯಲ್ಲಿ ತಿಳಿಯಬೇಕಾದರೆ ಬೆರ್ನಾವರ್ ಸ್ಟ್ರಾಸೆಗೆ ಹೋಗಬೇಕು. ಮಿಟ್ಟೆಗೂ ವೆಡ್ಡಿಂಗಿಗೂ ನಡುವಿನ ಗಡಿ ಆ ರಸ್ತೆಯ ದಕ್ಷಿಣ ಬದಿಯ ಮನೆಗಳ ಮುಂಗೋಡೆಯ ಮೇಲೇ ಇತ್ತು. ಮನೆ ಪೂರ್ವದ್ದು, ಹೊಸ್ತಿಲಾಚೆಯ ಫುಟ್‌ಪಾತ್ ಪಶ್ಚಿಮದ್ದು. ಬೀದಿ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಬೇರೆ ಲೋಕ. ಮೊದಲು ಆ ಬಾಗಿಲುಗಳಿಗೆ ಮೊಳೆ ಹೊಡೆದರು, ಆಮೇಲೆ ನೆಲಮಹಡಿಯ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದರು. ಜನ ಮೇಲಿನ ಮಹಡಿಗಳಿಂದ ಹಾರತೊಡಗಿದರು. ಪಶ್ಚಿಮದ ಅಗ್ನಿಶಾಮಕ ದಳದವರು ಕೆಳಗೆ ಬಲೆ ಹಿಡಿದು ನಿಲ್ಲುತ್ತಿದ್ದರು. ಕೆಲವರು ಬಲೆ ತಪ್ಪಿ ಬಿದ್ದು ಸತ್ತರು. ಕೊನೆಗೆ ಅಲ್ಲಿದ್ದವರನ್ನೆಲ್ಲ ಎಬ್ಬಿಸಿ ಮನೆಗಳನ್ನೇ ಕೆಡವಿದರು. 1964ರ ಅಕ್ಟೋಬರಿನಲ್ಲಿ ಇದೇ ರಸ್ತೆಯ ಅಡಿಯ ಸುರಂಗದಿಂದ 57 ಜನ ತೆವಳಿಕೊಂಡು ಪಾರಾದರು. ಗಡಿಯ ಒಳಗೋಡೆ ಹೊರಗೋಡೆಗಳ ನಡುವಿನ ಪಟ್ಟಿಯಲ್ಲಿ ಸಿಕ್ಕಿಕೊಂಡು ನಿಂತಿದ್ದ ಒಂದು ಚರ್ಚನ್ನು 1985ರ ಜನವರಿಯಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಈಗ ಅದೇ ಜಾಗದಲ್ಲಿ ಒಂದು ಪುಟ್ಟ ಪ್ರಾರ್ಥನಾಲಯವಿದೆ. ಅದರ ಗೋಡೆ ಅಚ್ಚಿನೊಳಗೆ ಮಣ್ಣು ತುಂಬಿ ದಮ್ಮಸ್ಸು ಮಾಡಿ ಎಬ್ಬಿಸಿದ ಗೋಡೆ. ನಮ್ಮ ಹಳ್ಳಿಯ ಮಣ್ಣಿನ ಗೋಡೆ ಕಂಡವರಿಗೆ ಅದರ ಪದರ ಪದರದ ಗೆರೆ ಥಟ್ಟನೆ ಗುರುತು ಸಿಗುತ್ತದೆ. ಹತ್ತಿರ ಹೋಗಿ ನೋಡಿದರೆ ಮಣ್ಣಿನಲ್ಲಿ ಇಟ್ಟಿಗೆಯ ಚೂರುಗಳು ಕಾಣುತ್ತವೆ. ಅವು ಸಿಡಿಸಿದ ಚರ್ಚಿನ ಚೂರುಗಳು.

ಗೋಡೆ ಬಿದ್ದದ್ದು 1989ರ ನವೆಂಬರ್ 9ರ ರಾತ್ರಿ. ಅದು ನಿಂತಿದ್ದ ಗೆರೆಯನ್ನು ಊರ ನಡುವೆ ಹಲವೆಡೆ ರಸ್ತೆಯಲ್ಲೇ ಎರಡು ಸಾಲು ಕಲ್ಲು ಹೂತು ಗುರುತು ಮಾಡಿದ್ದಾರೆ. ಡಾಂಬರಿನ ನಡುವೆ ಜೋಡಿ ಸಾಲು ಚೌಕಗಲ್ಲು ಕಂಡರೆ ಅದೇ ಗೆರೆ.

ಬಯಲು ಯಾಕೆ ಉಳಿಯಿತು

ನಡುವೂರು ಎಂದಮೇಲೆ ಇಕ್ಕಟ್ಟಾದ ಹಳೇ ಪೇಟೆ ಇರಬೇಕಲ್ಲ ಎಂದು ಬಂದವರಿಗೆ ಅಲೆಕ್ಸಾಂಡರ್‌ಪ್ಲಾಟ್ಸಿನಿಂದ ಸ್ಪ್ರೇ ನದಿಯವರೆಗೆ ಕಾಣುವುದು ದೊಡ್ಡ ಬಯಲು. ಊರು ಹುಟ್ಟಿದ್ದೇ ಅಲ್ಲಿ. ಮನೆಗಳೆಲ್ಲ ಎಲ್ಲಿ ಹೋದವು? ಬಾಂಬ್ ದಾಳಿಗಳಲ್ಲಿ, ಅದರಲ್ಲೂ 1945ರ ಫೆಬ್ರವರಿ 3ರ ದಾಳಿಯಲ್ಲಿ, ನಡುವೂರು ನೆಲಸಮವಾಯಿತು. ಉಳಿದದ್ದನ್ನು ಪೂರ್ವ ಜರ್ಮನಿ ಸರ್ಕಾರ ಅಗಲ ರಸ್ತೆ, ಮೆರವಣಿಗೆಯ ಮೈದಾನ, 368 ಮೀಟರ್ ಎತ್ತರದ ಟಿವಿ ಗೋಪುರಕ್ಕಾಗಿ ತೆರವು ಮಾಡಿತು. ಗೋಪುರ 1969ರಲ್ಲಿ ತೆರೆಯಿತು.

ಪಕ್ಕದಲ್ಲೇ ನಿಕೊಲಾಯ್‌ಫಿಯರ್ಟೆಲ್ ಎಂಬ ಮುದ್ದಾದ ‘ಹಳೇ ಓಣಿ’ ಇದೆ. ಅದರ ಚರ್ಚಿನ ಬೇರು 13ನೇ ಶತಮಾನದ್ದು. ಸುತ್ತಲಿನ ಮನೆಗಳಲ್ಲಿ ಹೆಚ್ಚಿನವು ಬರ್ಲಿನ್ನಿಗೆ 750 ತುಂಬಿದ 1987ಕ್ಕೆಂದು ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳಿಂದ ಜೋಡಿಸಿದವು. ಗೋಡೆಗಳಲ್ಲಿ ಹಲಗೆ ಹಲಗೆ ಕೂಡುವ ಸಂದು ಕಣ್ಣಿಗೆ ಕಾಣುತ್ತದೆ. ದ್ವೀಪದ ಅರಮನೆಯ ಕಥೆಯೂ ಇಂಥದ್ದೇ: ಯುದ್ಧದಲ್ಲಿ ಜಖಂ ಆದ ಅರಮನೆಯನ್ನು 1950ರಲ್ಲಿ ಸಿಡಿಸಿದರು, ಆ ಜಾಗದಲ್ಲಿ 1976ರಲ್ಲಿ ಪೂರ್ವ ಜರ್ಮನಿಯ ಗಣರಾಜ್ಯ ಭವನ ತೆರೆಯಿತು, ಅದನ್ನೂ 2008ರ ಹೊತ್ತಿಗೆ ಕೆಡವಿದರು. ಈಗ ಅಲ್ಲಿರುವುದು ಮೂರು ಬದಿಗೆ ಹಳೆಯ ಅರಮನೆಯ ಮುಖ ಹೊತ್ತ ಹುಂಬೋಲ್ಟ್ ಫೋರುಮ್ ಎಂಬ ಮ್ಯೂಸಿಯಂ ಕಟ್ಟಡ.

ರೈಲು ನಿಲ್ಲದ ನಿಲ್ದಾಣಗಳು

ಮೂಗಿನಂತೆ ಚಾಚಿದ ಆ ಆಕಾರವೇ ನೆಲದಡಿಯಲ್ಲಿ ಒಂದು ವಿಚಿತ್ರಕ್ಕೆ ಕಾರಣವಾಯಿತು. ಪಶ್ಚಿಮದ ವೆಡ್ಡಿಂಗಿನಿಂದ ಪಶ್ಚಿಮದ ಕ್ರಾಯ್ಟ್ಸ್‌ಬೆರ್ಗಿಗೆ ಹೋಗುವ ಸುರಂಗ ರೈಲು ನಡುವೆ ಪೂರ್ವದ ಮಿಟ್ಟೆಯ ಅಡಿಯಲ್ಲಿ ತೂರಿ ಹೋಗಲೇಬೇಕಿತ್ತು. ಈಗಿನ ಯು6, ಯು8 ಮೆಟ್ರೋ ಮಾರ್ಗಗಳು, ಎಸ್-ಬಾನ್ ಎಂಬ ಲೋಕಲ್ ರೈಲಿನ ಉತ್ತರ-ದಕ್ಷಿಣ ಸುರಂಗ, ಮೂರಕ್ಕೂ ಇದೇ ಪಾಡು. 1961ರ ನಂತರ ಪಶ್ಚಿಮದ ರೈಲುಗಳು ಓಡಾಡಿದವು, ಆದರೆ ಪೂರ್ವದ ನಿಲ್ದಾಣಗಳಲ್ಲಿ ನಿಲ್ಲುತ್ತಿರಲಿಲ್ಲ. ಮಂದ ಬೆಳಕಿನಲ್ಲಿ ಕಾವಲುಗಾರರು ನಿಂತಿರುತ್ತಿದ್ದ ಪ್ಲಾಟ್‌ಫಾರ್ಮುಗಳನ್ನು ನಿಧಾನವಾಗಿ ದಾಟಿಕೊಂಡು ಹೋಗುತ್ತಿದ್ದವು. ಮೇಲೆ ರಸ್ತೆಯಲ್ಲಿ ಮೆಟ್ಟಿಲುಗಳಿಗೆ ಮುಚ್ಚಳ ಹಾಕಲಾಗಿತ್ತು. ಪೂರ್ವದ ನಕ್ಷೆಗಳಲ್ಲಿ ಆ ಮಾರ್ಗಗಳೇ ಇರಲಿಲ್ಲ. ಈ ದಾರಿ ಬಳಸಿದ್ದಕ್ಕೆ ಪಶ್ಚಿಮ ಬರ್ಲಿನ್ ಪೂರ್ವಕ್ಕೆ ಬಾಡಿಗೆ ಕೊಡುತ್ತಿತ್ತು. ಜನ ಇವನ್ನು ಭೂತ ನಿಲ್ದಾಣಗಳು ಎಂದು ಕರೆದರು.

ಪಶ್ಚಿಮದ ರೈಲು ನಿಲ್ಲುತ್ತಿದ್ದ ಒಂದೇ ಜಾಗ ಫ್ರೀಡ್ರಿಷ್‌ಸ್ಟ್ರಾಸೆ ನಿಲ್ದಾಣ. ಅಲ್ಲಿ ಗಡಿ ತಪಾಸಣೆ ಇತ್ತು. ಪಶ್ಚಿಮಕ್ಕೆ ಮರಳುವ ನೆಂಟರನ್ನು ಬೀಳ್ಕೊಡುತ್ತಿದ್ದ ಗಾಜಿನ ಕಟ್ಟಡಕ್ಕೆ ‘ಕಣ್ಣೀರಿನ ಅರಮನೆ’ ಎಂದು ಹೆಸರು ಬಿತ್ತು. ಈಗ ಅದು ಉಚಿತ ಪ್ರವೇಶದ ಮ್ಯೂಸಿಯಂ.

ನೆಲದ ಮೇಲೂ ಗೆರೆ ಹಾಗೇ ಉಳಿದಿದೆ. ಪಶ್ಚಿಮ ಬರ್ಲಿನ್ ಟ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿ 1967ರಲ್ಲಿ ಕೊನೆಯದನ್ನೂ ಕಿತ್ತುಹಾಕಿತು. ಬಸ್ಸು, ಮೆಟ್ರೋ ಸಾಕು ಎಂದಿತು. ಪೂರ್ವ ಬರ್ಲಿನ್ ಟ್ರಾಮನ್ನು ಉಳಿಸಿಕೊಂಡಿತು. ಹಾಗಾಗಿ ಇಂದಿಗೂ ಹಳೆಯ ಮಿಟ್ಟೆಯಲ್ಲಿ ಟ್ರಾಮ್ ಹಳಿಗಳ ಬಲೆ ಇದೆ, ಟಿಯರ್‌ಗಾರ್ಟನ್ ಕಡೆ ಇಲ್ಲವೆನ್ನುವಷ್ಟು ಕಡಿಮೆ. ಪಶ್ಚಿಮದ ನೆಲಕ್ಕೆ ಟ್ರಾಮ್ ಮರಳಿ ಬಂದದ್ದು 1995ರಲ್ಲಿ, ವೆಡ್ಡಿಂಗಿನ ಓಸ್ಲೋವರ್ ಸ್ಟ್ರಾಸೆಯಲ್ಲಿ. ಮುಖ್ಯ ರೈಲು ನಿಲ್ದಾಣಕ್ಕೆ 2014ರಲ್ಲಿ ಬಂತು. ಮನೆ ನೋಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು: ಮೋವಬಿಟ್ಟಿನ ಒಳರಸ್ತೆಗಳಲ್ಲಿ ಮನೆಯಾದರೆ ದಿನವೂ ಬಸ್ಸನ್ನೇ ನಂಬಬೇಕಾದೀತು.

ಗುಲಾಬಿ ಬಣ್ಣದ ಕೊಳವೆಗಳು

ಮಿಟ್ಟೆಯಲ್ಲಿ ಓಡಾಡುವಾಗ ಗುಲಾಬಿಯೋ ನೀಲಿಯೋ ಬಣ್ಣದ ದಪ್ಪ ಕೊಳವೆಗಳು ತಲೆಯ ಮೇಲೆ ರಸ್ತೆ ದಾಟಿ ಹೋಗುವುದು ಕಾಣುತ್ತದೆ. ಗ್ಯಾಸ್ ಪೈಪು ಎಂದು ಅನೇಕರು ತಿಳಿಯುತ್ತಾರೆ. ಅದರಲ್ಲಿರುವುದು ಬರೀ ನೀರು.

ಇಲ್ಲಿ ಎರಡು-ಮೂರು ಮೀಟರ್ ಅಗೆದರೆ ಅಂತರ್ಜಲ ಸಿಗುತ್ತದೆ. ಹಿಮಯುಗದ ಕೊನೆಯಲ್ಲಿ ಕರಗಿದ ಮಂಜಿನ ನೀರು ಕೊರೆದು ಹರಿದ ಅಗಲವಾದ ಕಣಿವೆಯಲ್ಲಿ ಊರಿನ ನಡುಭಾಗ ಕುಳಿತಿದೆ. ಕೆಳಗೆಲ್ಲ ಮರಳು, ಮರಳಿನ ತುಂಬ ನೀರು. ‘ಬರ್ಲಿನ್’ ಎಂಬ ಹೆಸರು ಜೌಗು ಎಂಬ ಅರ್ಥದ ಸ್ಲಾವಿಕ್ ಮೂಲದಿಂದ ಬಂದದ್ದು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಊರ ಲಾಂಛನದ ಕರಡಿಗೂ ಹೆಸರಿನ ಮೂಲಕ್ಕೂ ಸಂಬಂಧವಿಲ್ಲ. ತಳಪಾಯ ತೋಡಿದ ಕೂಡಲೇ ಗುಂಡಿ ತುಂಬಿಕೊಳ್ಳುತ್ತದೆ. ಆ ನೀರನ್ನು ಪಂಪಿನಿಂದ ಎತ್ತಿ ಕೊಳವೆಯಲ್ಲಿ ಸ್ಪ್ರೇ ನದಿಗೋ ಕಾಲುವೆಗೋ ಬಿಡುತ್ತಾರೆ. ಅಡಿಯಲ್ಲಿ ಹೂತರೆ ಕೆಲಸ ಮುಗಿದ ಮೇಲೆ ಮತ್ತೆ ಅಗೆಯಬೇಕು. ಅದಕ್ಕೇ ಮೇಲಿಂದಲೇ ಒಯ್ಯುತ್ತಾರೆ.

ಪಂಪ್ ಮಾಡಿ ಒಣಗಿಸಿಬಿಟ್ಟರಾಯಿತಲ್ಲ? ಅಲ್ಲೇ ಅಪಾಯ. ಹಳೆಯ ದೊಡ್ಡ ಕಟ್ಟಡಗಳು ಮರದ ಕಂಬಗಳ ಮೇಲೆ ನಿಂತಿವೆ. ನೀರಿನಲ್ಲಿ ಪೂರ್ತಿ ಮುಳುಗಿದ ಮರಕ್ಕೆ ಗಾಳಿ ತಾಗದು, ಶತಮಾನ ಕಳೆದರೂ ಕೊಳೆಯದು. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹತ್ತಿ ಮೆತ್ತಗಾಗುತ್ತದೆ, ಮೇಲಿನ ಗೋಡೆ ಬಿರುಕು ಬಿಡುತ್ತದೆ. ಮ್ಯೂಸಿಯಂ ದ್ವೀಪದ ನೋಯೆಸ್ ಮ್ಯೂಸಿಯಮ್ಮಿಗೆ ಇದೇ ಪೆಟ್ಟು ಬಿದ್ದು, ಇಡೀ ತಳಪಾಯಕ್ಕೆ ಹೊಸ ಕಂಬಗಳನ್ನು ಇಳಿಸಬೇಕಾಯಿತು. ಟಿಯರ್‌ಗಾರ್ಟನ್ ಉದ್ಯಾನದ 210 ಹೆಕ್ಟೇರ್ ಮರಗಳಿಗೂ ಬೇರಿನಡಿ ನೀರು ಇಳಿಯಬಾರದು. ಪಕ್ಕದ ಪೋಟ್ಸ್‌ಡಾಮರ್ ಪ್ಲಾಟ್ಸ್ ಚೌಕದ ಕಟ್ಟಡಗಳನ್ನು ಕಟ್ಟುವಾಗ ಅದಕ್ಕೇ ಗುಂಡಿಯ ನೀರನ್ನು ಹಾಗೇ ಬಿಟ್ಟು, ಮುಳುಗುಗಾರರನ್ನು ಇಳಿಸಿ ನೀರಿನಡಿಯಲ್ಲೇ ಕಾಂಕ್ರೀಟ್ ತಳ ಹಾಕಿದರು. ತಳ ಗಟ್ಟಿಯಾದ ಮೇಲೆ ಒಳಗಿನ ನೀರು ಎತ್ತಿದರು.

ಇನ್ನೂ ಕಷ್ಟದ ಕೆಲಸ ಯು5 ಮೆಟ್ರೋ. ಅಲೆಕ್ಸಾಂಡರ್‌ಪ್ಲಾಟ್ಸ್‌ನಿಂದ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲಿನವರೆಗೆ ಹೊಸದಾಗಿ ತೋಡಬೇಕಿದ್ದದ್ದು ಬರೀ 2.2 ಕಿ.ಮೀ.; ಕೆಲಸ 2010ರಲ್ಲಿ ಶುರುವಾಗಿ ರೈಲು ಓಡಿದ್ದು 2020ರ ಡಿಸೆಂಬರ್ 4ರಂದು. ಮ್ಯೂಸಿಯಮ್ಸ್‌ಇನ್ಸೆಲ್ ನಿಲ್ದಾಣದ ಒಂದು ಭಾಗ ಸ್ಪ್ರೇ ಕಾಲುವೆಯ ಅಡಿಗೇ ಬರುತ್ತದೆ. ಮೇಲೆ ನೀರು, ಸುತ್ತ ನೀರು ತುಂಬಿದ ಮರಳು, ಅಗೆದಷ್ಟೂ ಕುಸಿಯುತ್ತದೆ. ಮರಳಿನೊಳಗೆ ಕೊಳವೆಗಳನ್ನು ತೂರಿಸಿ, ಅತಿ ತಣ್ಣನೆಯ ದ್ರವ ಹರಿಸಿ, ನೆಲವನ್ನೇ ಮಂಜುಗಡ್ಡೆ ಮಾಡಿದರು. ಆ ಗಟ್ಟಿ ಗಡ್ಡೆಯನ್ನು ಕಡಿದು ಕಡಿದು ಕೋಣೆ ಮಾಡಿಕೊಂಡು, ಒಳಗೆ ಕಾಂಕ್ರೀಟ್ ಕಟ್ಟಿದ ಮೇಲೆ ಕರಗಲು ಬಿಟ್ಟರು. ನಿಲ್ದಾಣ ತೆರೆದದ್ದು 2021ರ ಜುಲೈಯಲ್ಲಿ. ಅಲ್ಲಿ ಇಳಿದರೆ ತಲೆಯ ಮೇಲೆ ಕಡುನೀಲಿ ಚಾವಣಿ, ಅದರಲ್ಲಿ 6,662 ದೀಪದ ಚುಕ್ಕಿಗಳು.

ಮನೆ ನಂಬರು, ವಠಾರ, ಕರೆಗಂಟೆ

ಮಿಟ್ಟೆಯಲ್ಲಿ ವಿಳಾಸ ಹುಡುಕಿ ದಾರಿ ತಪ್ಪದವರಿಲ್ಲ. ಫ್ರೀಡ್ರಿಷ್‌ಸ್ಟ್ರಾಸೆಯಂಥ ಹಳೆಯ ರಸ್ತೆಗಳಲ್ಲಿ ನಂಬರು ಕುದುರೆ ಲಾಳದಂತೆ ಓಡುತ್ತದೆ: ಒಂದು ಬದಿಯಲ್ಲಿ 1, 2, 3 ಎಂದು ರಸ್ತೆಯ ತುದಿಯವರೆಗೂ ಹೋಗಿ, ಅಲ್ಲಿ ಎದುರು ಬದಿಗೆ ದಾಟಿ, ಎಣಿಸುತ್ತ ಹಿಂದಕ್ಕೆ ಬರುತ್ತದೆ. ಹಾಗಾಗಿ ಹಳೆಯ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಯ ಹತ್ತಿರ 43ನೇ ನಂಬರಿನ ಎದುರಿಗೆ ಸಿಗುವುದು 200ರ ಮೇಲಿನ ನಂಬರು. ಅದೇ ರಸ್ತೆಯನ್ನು ಅಡ್ಡ ದಾಟುವ ಉಂಟರ್ ಡೆನ್ ಲಿಂಡನ್‌ನಲ್ಲಿ ನಮ್ಮಲ್ಲಿಯಂತೆ ಒಂದು ಬದಿ ಸಮ, ಇನ್ನೊಂದು ಬದಿ ಬೆಸ. ಹುಂಬೋಲ್ಟ್ ವಿಶ್ವವಿದ್ಯಾಲಯ 6, ಎದುರಿನ ಒಪೆರಾ 7. (ರಾಮಮನೋಹರ ಲೋಹಿಯಾ ಡಾಕ್ಟರೇಟ್‌ಗಾಗಿ ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ, 1930ರ ದಶಕದ ಮೊದಲಲ್ಲಿ; ಕರ್ನಾಟಕದ ಸಮಾಜವಾದಿಗಳ ವಿಚಾರದ ಒಂದು ಎಳೆ ಇಲ್ಲಿಂದ ಹೊರಟಿದೆ.) ಯಾವ ರಸ್ತೆಗೆ ಯಾವ ಪದ್ಧತಿ ಎಂದು ಬಾಯಿಪಾಠ ಮಾಡಬೇಕಿಲ್ಲ. ಮೂಲೆಯ ರಸ್ತೆ ಹಲಗೆಯ ಮೇಲಿನ ಪುಟ್ಟ ಪಟ್ಟಿಯಲ್ಲಿ ಆ ತುಣುಕಿನ ನಂಬರುಗಳು ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತದೆ. ಅದನ್ನು ನೋಡಿ ಹೆಜ್ಜೆ ಹಾಕಿದರೆ ಅರ್ಧ ಕಿಲೋಮೀಟರ್ ನಡಿಗೆ ಉಳಿಯುತ್ತದೆ.

ನಂಬರು ಸಿಕ್ಕಿತು, ಬಾಗಿಲು ಸಿಗಲಿಲ್ಲ ಎಂಬುದು ಮುಂದಿನ ತೊಂದರೆ. ಹಳೆಯ ಬರ್ಲಿನ್ ಕಟ್ಟಡ ಎಂದರೆ ಒಂದು ಬಗೆಯ ವಠಾರ. ಬೀದಿಗೆ ಮುಖ ಮಾಡಿದ ಮುಂಭಾಗದ ಮನೆ, ಅದರ ಹಿಂದೆ ಅಂಗಳ, ಅಂಗಳದ ಬದಿಗೆ ರೆಕ್ಕೆಯಂಥ ಕಟ್ಟಡ, ಆಚೆ ಹಿಂಬದಿಯ ಮನೆ, ಅದರಾಚೆ ಇನ್ನೊಂದು ಅಂಗಳ. 1862ರ ನಗರ ಯೋಜನೆ ರಸ್ತೆಗಳನ್ನು ದೂರ ದೂರ ಹಾಕಿ ಆಳವಾದ ನಿವೇಶನಗಳನ್ನು ಬಿಟ್ಟಿತು. ಬಂಡವಾಳ ಹಾಕಿದವರು ಆ ಆಳವನ್ನೆಲ್ಲ ಮನೆಗಳಿಂದ ತುಂಬಿದರು. ಅಂಗಳ ಎಷ್ಟಿರಬೇಕು ಎನ್ನುವುದಕ್ಕೆ ಇದ್ದ ಕಟ್ಟಳೆ ಒಂದೇ: ಕನಿಷ್ಠ 5.34 ಮೀಟರ್ ಉದ್ದಗಲ, ಅಂದರೆ ಅಂದಿನ ಬೆಂಕಿ ಆರಿಸುವ ಗಾಡಿ ತಿರುಗುವಷ್ಟು. ಗಾಳಿ ಬೆಳಕಿನ ಲೆಕ್ಕ ಅದರಲ್ಲಿ ಇರಲಿಲ್ಲ. ವೆಡ್ಡಿಂಗಿನ ಒಂದು ವಠಾರದಲ್ಲಿ ಹೀಗೆ ಒಂದರ ಹಿಂದೊಂದು ಆರು ಅಂಗಳಗಳಿದ್ದವು. ಇಂದು ಬಾಡಿಗೆಗೆ ಮನೆ ನೋಡುವಾಗ ಈ ಇತಿಹಾಸ ನೇರ ಉಪಯೋಗಕ್ಕೆ ಬರುತ್ತದೆ. ‘ಹಿಂಟರ್‌ಹೌಸ್’ ಎಂದರೆ ಹಿಂಬದಿಯ ಮನೆ: ಬೀದಿ ಸದ್ದಿಲ್ಲ, ಆದರೆ ಕೆಳಗಿನ ಮಹಡಿಗಳಲ್ಲಿ ಚಳಿಗಾಲದಲ್ಲಿ ಹಗಲೂ ದೀಪ ಬೇಕು. ‘ಫೋರ್ಡರ್‌ಹೌಸ್’ ಮುಂಭಾಗದ್ದು: ಎತ್ತರದ ಚಾವಣಿ, ಬೆಳಕು, ಜೊತೆಗೆ ಟ್ರಾಮಿನ ಸದ್ದು.

ಇಂಥ ಕಟ್ಟಡದಲ್ಲಿ ಸಾಮಾನ್ಯವಾಗಿ ಮನೆಗಳಿಗೆ ನಂಬರೇ ಇರುವುದಿಲ್ಲ. ಬೀದಿ ಬಾಗಿಲಿನ ಕರೆಗಂಟೆಯ ಪಕ್ಕ ಮತ್ತು ಅಂಚೆ ಡಬ್ಬಿಯ ಮೇಲೆ ಮನೆಯವರ ಅಡ್ಡಹೆಸರು (ಸರ್‌ನೇಮ್) ಇರುತ್ತದೆ. ಅಂಚೆಯವರು ನೋಡುವುದು ಅದನ್ನೇ. ಹೆಸರಿಲ್ಲದಿದ್ದರೆ ಕಾಗದ ವಾಪಸ್ಸು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಏನಿದೆಯೋ ಅದನ್ನೇ ಡಬ್ಬಿಯ ಮೇಲೆ ಬರೆಯಬೇಕು. ಕರೆಯುವ ಹೆಸರೊಂದೇ ಸಾಲದು. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಮೊದಲ ದಿನವೇ ಕಾಗದದ ಚೀಟಿಯಲ್ಲಿ ಹೆಸರು ಬರೆದು ಅಂಟಿಸಿ. ಎಷ್ಟು ಮುಖ್ಯ ಎಂಬುದು ಮುಂದಿನ ಭಾಗದಲ್ಲಿ ತಿಳಿಯುತ್ತದೆ.

ಮನೆ ಸೇರಿದ ಎರಡು ವಾರ

ಜರ್ಮನಿಯಲ್ಲಿ ಮನೆ ಹೊಕ್ಕ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಇದು ‘ಅನ್‌ಮೆಲ್ಡುಂಗ್’. ಮಾಡುವ ಜಾಗ ‘ಬ್ಯೂರ್ಗರ್‌ಆಮ್ಟ್’, ನಾಗರಿಕ ಸೇವಾ ಕಚೇರಿ. ಮಿಟ್ಟೆಯಲ್ಲಿ ಮನೆ ಇದ್ದ ಮಾತ್ರಕ್ಕೆ ಮಿಟ್ಟೆಯ ಕಚೇರಿಗೇ ಹೋಗಬೇಕೆಂದಿಲ್ಲ. 12 ಬೆತ್ಸಿರ್ಕುಗಳಲ್ಲಿ ಎಲ್ಲಿ ಸಮಯ ಸಿಕ್ಕರೂ ಸರಿ. ನಡುವೂರಿನ ಕಚೇರಿಗಳೇ ಬೇಕೆಂದು ಕಾದು ಕೂತವರಿಗೆ ವಾರಗಟ್ಟಲೆ ಸಿಗದಿರುವುದುಂಟು. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ನಗರದ ಸೇವಾ ತಾಣವನ್ನು ತೆರೆದು ನೋಡುತ್ತಿರಿ, ಯಾರಾದರೂ ಬಿಟ್ಟುಕೊಟ್ಟ ಸಮಯ ಆಗ ಕಾಣಿಸಿಕೊಳ್ಳುತ್ತದೆ. 115ಕ್ಕೆ ಫೋನ್ ಮಾಡಿಯೂ ಕೇಳಬಹುದು. ನೋಂದಣಿಗೆ ಶುಲ್ಕವಿಲ್ಲ.

ಬೇಕಾದ ಕಾಗದ: ಪಾಸ್‌ಪೋರ್ಟ್, ತುಂಬಿದ ಅರ್ಜಿ, ಮತ್ತು ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ. ಕೊನೆಯದರ ಹೆಸರು ‘ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್’. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಬಂದಿದ್ದರೆ ಮದುವೆ ಮತ್ತು ಜನನ ಪ್ರಮಾಣಪತ್ರಗಳ ಮೂಲಪ್ರತಿ, ಜರ್ಮನ್ ಅನುವಾದ ಜೊತೆಗಿರಲಿ. ಅರ್ಜಿಯಲ್ಲಿ ಧರ್ಮದ ಅಂಕಣವಿದೆ. ಕ್ಯಾಥಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದರೆ ಸಂಬಳದಿಂದ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ. ಬರ್ಲಿನ್ನಿನಲ್ಲಿ ಅದು ಆದಾಯ ತೆರಿಗೆಯ ಶೇ. 9. ಮಂಗಳೂರು, ಉಡುಪಿ ಕಡೆಯ ಕ್ರೈಸ್ತರು ಇದನ್ನು ಮೊದಲೇ ತಿಳಿದಿರಬೇಕು.

ನೋಂದಣಿಯಾದ ಎರಡು-ಮೂರು ವಾರದಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅಂಚೆಯಲ್ಲೇ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಅದು ಹಿಂದಕ್ಕೆ ಹೋಗುತ್ತದೆ. ಸಂಖ್ಯೆ ಇಲ್ಲದಿದ್ದರೆ ಕಂಪನಿ ಅತಿ ಹೆಚ್ಚು ತೆರಿಗೆಯ ಆರನೇ ವರ್ಗದಲ್ಲಿ ಸಂಬಳ ಲೆಕ್ಕ ಹಾಕಬಹುದು. ಹೆಚ್ಚು ಕಡಿತವಾದದ್ದು ಮುಂದೆ ಸರಿಹೋಗುತ್ತದೆ, ಆದರೆ ಮೊದಲ ತಿಂಗಳು ಮುಂಗಡಕ್ಕೆಂದು ಕೈ ಖಾಲಿ ಮಾಡಿಕೊಂಡವರಿಗೆ ಆ ಏಟು ಜೋರು. ಮುಂಗಡ ಎಂದರೆ ಮೂರು ತಿಂಗಳ ‘ತಣ್ಣನೆ ಬಾಡಿಗೆ’ಗಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. ಹೀಟಿಂಗ್, ನೀರು ಇತ್ಯಾದಿ ಸೇರದ ಬರೀ ಮನೆಯ ಬಾಡಿಗೆ ತಣ್ಣನೆಯದು. ಅವೆಲ್ಲ ಸೇರಿದ್ದು ‘ಬೆಚ್ಚನೆ ಬಾಡಿಗೆ’. ಜಾಹೀರಾತಿನಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ನೋಡಿಯೇ ಹೋಲಿಸಬೇಕು. ‘ನೋಂದಣಿ ಸಾಧ್ಯವಿಲ್ಲ’ ಎಂಬ ಷರತ್ತಿನ ಕೋಣೆ ಎಷ್ಟೇ ಅಗ್ಗವಿದ್ದರೂ ದೀರ್ಘಕಾಲಕ್ಕೆ ಹಿಡಿಯಬೇಡಿ. ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯ ಕೆಲಸವೂ ನಿಲ್ಲುತ್ತದೆ.

ನೋಡಲು ಬರುವವರಿಗೆ ಮೂರು ಮಾತು

ಪೆರ್ಗಾಮನ್ ಮ್ಯೂಸಿಯಂ ದುರಸ್ತಿಗಾಗಿ 2023ರ ಅಕ್ಟೋಬರಿನಿಂದ ಮುಚ್ಚಿದೆ. ಪ್ರಸಿದ್ಧ ಬಲಿಪೀಠ ಇರುವ ಭಾಗಕ್ಕೆ 2027ರ ಗುರಿ ಇದೆ. ಬ್ಯಾಬಿಲೋನಿನ ಇಷ್ಟಾರ್ ದ್ವಾರ ಇರುವ ಭಾಗಕ್ಕೆ ಇನ್ನೂ ಹತ್ತು ವರ್ಷ ಹೆಚ್ಚು. ಈಜಿಪ್ಟಿನ ರಾಣಿ ನೆಫರ್ಟೀಟಿಯ ಶಿರೋಶಿಲ್ಪ ಇರುವುದು ಪಕ್ಕದ ನೋಯೆಸ್ ಮ್ಯೂಸಿಯಮ್ಮಿನಲ್ಲಿ. ರೈಷ್‌ಟಾಗಿನ ಗಾಜಿನ ಗುಮ್ಮಟಕ್ಕೆ ದುಡ್ಡಿಲ್ಲ, ಆದರೆ ಸಂಸತ್ತಿನ ತಾಣದಲ್ಲಿ ಮೊದಲೇ ಹೆಸರು ಕೊಡಬೇಕು ಮತ್ತು ಅಸಲಿ ಪಾಸ್‌ಪೋರ್ಟ್ ಒಯ್ಯಬೇಕು. ಟಿಯರ್‌ಗಾರ್ಟನ್ ಉದ್ಯಾನದ ದಕ್ಷಿಣ ಅಂಚಿನಲ್ಲಿ ಭಾರತದ ರಾಯಭಾರ ಕಚೇರಿ ಇದೆ. ಅದರ ಕೆಂಪು ಕಲ್ಲು ರಾಜಸ್ಥಾನದಿಂದ ಬಂದದ್ದು.

ಟಿಕೆಟ್ ದರದ ಲೆಕ್ಕದಲ್ಲಿ ಚಿಕ್ಕ ಮಿಟ್ಟೆ ‘ಎ’ ವಲಯದಲ್ಲಿದೆ, ವೆಡ್ಡಿಂಗ್, ಗೆಸುಂಡ್‌ಬ್ರುನ್ನನ್‌ಗಳ ಉತ್ತರ ಭಾಗ ‘ಬಿ’ ವಲಯದಲ್ಲಿದೆ. ಎ-ಬಿ ಟಿಕೆಟ್ ಸಾಕು, ವಿಮಾನ ನಿಲ್ದಾಣ ಮಾತ್ರ ‘ಸಿ’ ವಲಯ. ಸ್ಟೇಷನ್ನಿನಲ್ಲಿ ಗೇಟುಗಳಿಲ್ಲ, ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ ಇಲ್ಲದ್ದಕ್ಕೆ ಸಮ, ದಂಡ 60 ಯೂರೋ.

ಎಂ10 ಟ್ರಾಮಿನಲ್ಲಿ

ಒಂದೇ ಟಿಕೆಟಿನಲ್ಲಿ ಹಳೆಯ ಗೆರೆಯನ್ನು ಕಣ್ಣಾರೆ ಕಾಣಬೇಕಾದರೆ ಎಂ10 ಟ್ರಾಮ್ ಹತ್ತಿ. ಎಬರ್ಸ್‌ವಾಲ್ಡರ್ ಸ್ಟ್ರಾಸೆಯಿಂದ ಪಶ್ಚಿಮಕ್ಕೆ ಹೊರಟರೆ ಕೆಲವೇ ನಿಮಿಷದಲ್ಲಿ ಅದು ಬೆರ್ನಾವರ್ ಸ್ಟ್ರಾಸೆಗೆ ಬರುತ್ತದೆ. ಎಡಗಡೆ, ಮನೆಗಳನ್ನು ಕೆಡವಿದ ಜಾಗದಲ್ಲಿ, ಹುಲ್ಲಿನ ಪಟ್ಟಿ ಮತ್ತು ಗೋಡೆಯ ಗೆರೆಯಲ್ಲಿ ಸಾಲಾಗಿ ನಿಲ್ಲಿಸಿದ ತುಕ್ಕು ಬಣ್ಣದ ಕಬ್ಬಿಣದ ಸಲಾಕೆಗಳು; ಬಲಗಡೆ ವೆಡ್ಡಿಂಗ್ ಬದಿಯ ಮನೆಗಳು. ನೋರ್ಡ್‌ಬಾನ್‌ಹೋಫ್‌ನಲ್ಲಿ ಇಳಿದು ಎಸ್-ಬಾನ್ ನಿಲ್ದಾಣದೊಳಗೆ ಹೋದರೆ ಭೂತ ನಿಲ್ದಾಣಗಳ ಪ್ರದರ್ಶನವಿದೆ, ಉಚಿತ. ಮತ್ತೆ ಹತ್ತಿದರೆ ಟ್ರಾಮ್ ಇನ್ವಾಲಿಡನ್‌ಸ್ಟ್ರಾಸೆ ಹಿಡಿದು, ಹಳೆಯ ಗಡಿ ಠಾಣೆ ಇದ್ದ ಜಾಂಡ್‌ಕ್ರುಗ್ ಸೇತುವೆಯ ಮೇಲೆ ಕಾಲುವೆ ದಾಟುತ್ತದೆ. ದಾಟಿದ ಕೂಡಲೇ ಮುಖ್ಯ ರೈಲು ನಿಲ್ದಾಣ, ಅಲ್ಲಿಂದ ಮೋವಬಿಟ್. ಈ ಕೊನೆಯ ತುಣುಕು ಸೇರಿದ್ದು 2023ರ ಸೆಪ್ಟೆಂಬರಿನಲ್ಲಿ. ಕೊನೆಯ ನಿಲ್ದಾಣ ಟುರ್ಮ್‌ಸ್ಟ್ರಾಸೆ. ಇಳಿದರೆ ಎದುರಿಗೇ ರಾಟ್‌ಹೌಸ್ ಟಿಯರ್‌ಗಾರ್ಟನ್. ಹಿಂದೆ ಪಶ್ಚಿಮದ ಪುರಭವನವಾಗಿದ್ದ ಆ ಕಟ್ಟಡ ಈಗ ಮಿಟ್ಟೆ ಬೆತ್ಸಿರ್ಕಿನ ಆಡಳಿತದ ಮನೆ.